ಮೇಕಪ್ಪಿನ ಹಿಂದೆ ಉಳಿದುಹೋದ ಟ್ಯೂನುಗಳು

ಬ್ಯಾಂಡಿನ ಹೆಸರು ಇನಫ್ ಝನಫ್. 'ಇನಫ್ ಈಸ್ ಇನಫ್' ಅನ್ನೋದನ್ನ ಗಡಿಬಿಡೀಲಿ ಹೇಳಿದ ಹಾಗಿದೆ. ನಮ್ಮಲ್ಲಾದರೆ 'ಸಾಕಪ್ಪಾ ಸಾಕು' ಅಂದುಕೊಳ್ಳಿ. ಇಂಥ ಹೆಸರಿಟ್ಟುಕೊಂಡವರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆಲ್ಬಂ ಮಾಡ್ತಾನೇ ಬಂದಿದ್ದಾರೆ. ಆದರೂ ಎಂಬತ್ತರ ದಶಕದ ರಾಕ್ ಕೇಳೋ ಎಷ್ಟೋ ಜನಕ್ಕೆ ಇವರ ಒಂದು ಹಾಡೂ ಗೊತ್ತಿರಲ್ಲ.

ಮ್ಯೂಸಿಕ್ ಆ್ಯಪ್‌ನಲ್ಲಿ ಹುಡುಕಿದರೆ ಇವರು ಸಿಗೋದು 'ಹೇರ್ ಮೆಟಲ್' ಪ್ಲೇಲಿಸ್ಟ್‌ಗಳಲ್ಲಿ, ಪಾಯ್ಸನ್, ಮಾಟ್ಲಿ ಕ್ರೂ ಇವರ ನಡುವೆ. ಹೆಡ್‌ಫೋನ್ ಹಾಕ್ಕೊಂಡು ಎರಡು ಹಾಡು ಕೇಳಿ, ಏನೋ ಹೊಂದ್ತಾ ಇಲ್ಲ ಅನ್ನಿಸುತ್ತೆ. ಗಿಟಾರ್ ಮೆಟಲ್ಲಿನದೇ, ಸದ್ದೂ ದೊಡ್ಡದೇ. ಆದರೆ ಟ್ಯೂನು, ಹಿಂದೆ ಪದರ ಪದರವಾಗಿ ಬರೋ ಕೋರಸ್ ದನಿಗಳು, ಸಂತೋಷದ ಮಧ್ಯೆ ಇದ್ದಕ್ಕಿದ್ದ ಹಾಗೆ ಬೇಸರದ ಕಡೆ ತಿರುಗೋ ಸ್ವರ, ಇವೆಲ್ಲ ಬೀಟಲ್ಸ್ ಮನೆತನದವು. ಇದಕ್ಕೆ ಪವರ್ ಪಾಪ್ ಅಂತಾರೆ: ಪಾಪ್ ಹಾಡಿನ ಸಿಹಿಯನ್ನ ರಾಕ್ ಗಿಟಾರಿನ ಬಿರುಸಿನಲ್ಲಿ ನುಡಿಸೋದು. ಬ್ಯಾಡ್‌ಫಿಂಗರ್, ಬಿಗ್ ಸ್ಟಾರ್, ಚೀಪ್ ಟ್ರಿಕ್ ಈ ದಾರಿಯ ಹಿರಿಯರು. ಚೀಪ್ ಟ್ರಿಕ್‌ನವರಂತೂ ಇವರದೇ ಇಲಿನಾಯ್ ರಾಜ್ಯದವರು.

ಶುರುವಾಗಿದ್ದು 1984ರಲ್ಲಿ, ಶಿಕಾಗೋ ಪಕ್ಕದ ಬ್ಲೂ ಐಲೆಂಡ್ ಎಂಬ ಊರಲ್ಲಿ. (ಹೆಸರು ಕೇಳಿ ಸಮುದ್ರ ಹುಡುಕಬೇಡಿ, ಅದು ದ್ವೀಪವೇ ಅಲ್ಲ.) ಹಾಡೋ ಡಾನಿ ವೈ, ಬೇಸ್ ನುಡಿಸೋ ಚಿಪ್ ಝನಫ್, ಇಬ್ಬರೂ ಸೇರಿ ಹಾಡು ಕಟ್ಟಿದರು. ಡಾನಿಯ ದನಿ ಒರಟು, ಸ್ವಲ್ಪ ಮೂಗಿನದು. ಜಾನ್ ಲೆನನ್ ನೆನಪಾಗದೆ ಇರಲ್ಲ. ಗಿಟಾರಿಗೆ ಡೆರೆಕ್ ಫ್ರಿಗೋ. ಅವನ ಅಪ್ಪ ಜಾನಿ ಫ್ರಿಗೋ ಶಿಕಾಗೋದ ಹೆಸರಾಂತ ಜಾಝ್ ಪಿಟೀಲು ವಾದಕ. ಮಗನ ಸೋಲೋಗಳನ್ನ ಕೇಳಿದರೆ ಮನೇಲಿ ಎಂಥ ಸಂಗೀತ ಓಡಾಡ್ತಿತ್ತು ಅಂತ ಊಹಿಸಬಹುದು.

1989ರಲ್ಲಿ ಬ್ಯಾಂಡಿನ ಹೆಸರಲ್ಲೇ ಮೊದಲ ಆಲ್ಬಂ ಬಂತು. ಅಟ್ಕೋ ಕಂಪನಿಯದು. 'ನ್ಯೂ ಥಿಂಗ್' ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 67ನೇ ಸ್ಥಾನ ಮುಟ್ಟಿತು, 'ಫ್ಲೈ ಹೈ ಮಿಶೆಲ್' 47ನೇದು. ಎಂಟಿವಿಯಲ್ಲಿ ವಿಡಿಯೋ ಓಡಿತು. ಆ ವಿಡಿಯೋ ನೋಡಬೇಕು ನೀವು: ಕಣ್ಣು ಕುಕ್ಕೋ ಬಣ್ಣ, ಶಾಂತಿ ಚಿಹ್ನೆಗಳು, ತುಟಿಗೆ ಲಿಪ್‌ಸ್ಟಿಕ್, ಆಕಾಶ ಮುಟ್ಟೋ ಕೂದಲು. ಆಗ ಅದೇ ಮಾರ್ಕೆಟ್, ಹಾಗಾಗಿ ಜನರ ಕಣ್ಣಿಗೆ ಬಿದ್ದರು. ಆದರೆ ಆ ವೇಷ ಜನರ ತಲೇಲಿ ಹಾಗೇ ಕೂತುಬಿಡ್ತು. ನಮ್ಮ ಫೀಲ್ಡಿನ ಮಾತಲ್ಲಿ ಹೇಳೋದಾದರೆ, ಬ್ಯಾಕೆಂಡ್ ಎಷ್ಟು ಚೆನ್ನಾಗಿ ಬರೆದಿದ್ದರೂ ಯೂಸರ್ ನೋಡೋದು ಸ್ಕ್ರೀನ್ ಮಾತ್ರ.

ಎರಡನೇ ಆಲ್ಬಂ 'ಸ್ಟ್ರೆಂಥ್' ಬಂದದ್ದು 1991ರಲ್ಲಿ. ಬಣ್ಣ ಕಮ್ಮಿ ಮಾಡಿದ್ದರು, ಹಾಡುಗಳು ಇನ್ನಷ್ಟು ಗಾಢವಾಗಿದ್ದವು. 'ಮದರ್ಸ್ ಐಸ್' ಒಂದೇ ಸಾಕು, ಇವರು ಪಾರ್ಟಿ ಬ್ಯಾಂಡ್ ಅಲ್ಲ ಅಂತ ಗೊತ್ತಾಗೋಕೆ. ಆದರೆ ಅದೇ ವರ್ಷ ನಿರ್ವಾಣದ 'ನೆವರ್‌ಮೈಂಡ್' ಬಂತು ನೋಡಿ, ಉದ್ದ ಕೂದಲಿಗೆ ಸ್ಪ್ರೇ ಹೊಡೆದವರೆಲ್ಲ ರಾತ್ರೋರಾತ್ರಿ ಹಳಬರಾದರು. ನನಗನ್ನಿಸೋದು, ನಿರ್ವಾಣ ಕೇಳಿದವರಿಗೆ ಇವರ ಹಾಡೂ ಇಷ್ಟವಾಗ್ತಿತ್ತು. ಕರ್ಟ್ ಕೊಬೇನ್ ಕೂಡ ಬೀಟಲ್ಸ್ ಪ್ರೇಮಿಯೇ. ಆದರೆ ಹಳೇ ವಿಡಿಯೋ ನೆನಪಿದ್ದವರು ಯಾಕೆ ಕೇಳ್ತಾರೆ?

ಹಣಕಾಸಿನಲ್ಲಿ ದಿವಾಳಿಯಾದ ಬ್ಯಾಂಡನ್ನ ಅರಿಸ್ಟಾ ಕಂಪನಿಯ ಕ್ಲೈವ್ ಡೇವಿಸ್ ಎತ್ತಿಕೊಂಡರು. ವಿಟ್ನಿ ಹ್ಯೂಸ್ಟನ್ ಅವರನ್ನ ಬೆಳಕಿಗೆ ತಂದ ಅದೇ ಡೇವಿಸ್. 1993ರಲ್ಲಿ 'ಅನಿಮಲ್ಸ್ ವಿತ್ ಹ್ಯೂಮನ್ ಇಂಟೆಲಿಜೆನ್ಸ್' ಬಂತು. ನನ್ನ ಲೆಕ್ಕದಲ್ಲಿ ಇವರ ಅತ್ಯುತ್ತಮ ಆಲ್ಬಂ ಇದು. ಮಾರಾಟವಾಗಲಿಲ್ಲ. ಡ್ರಮ್ಮರ್ ವಿಕಿ ಫಾಕ್ಸ್ ಮಾಟ್ಲಿ ಕ್ರೂ ಬಿಟ್ಟಿದ್ದ ವಿನ್ಸ್ ನೀಲ್ ಜತೆ ಹೋದ, ಡೆರೆಕ್ ಕೂಡ ಹೊರನಡೆದ.

ಸಾಮಾನ್ಯವಾಗಿ ಕತೆ ಇಲ್ಲಿಗೆ ಮುಗೀಬೇಕಿತ್ತು. ಡಾನಿ, ಚಿಪ್ ಇಬ್ಬರ ಹತ್ರ ಹಾಡಿನ ಗೋದಾಮೇ ಇತ್ತು. ಮೊದಲ ಆಲ್ಬಮ್ಮಿಗೂ ಮುಂಚಿನ ರೆಕಾರ್ಡಿಂಗ್‌ಗಳನ್ನ ಸೇರಿಸಿ '1985' ಅಂತ ಹೊರತಂದರು. 'ಟ್ವೀಕ್ಡ್', 'ಪೀಚ್ ಫಝ್', 'ಸೆವೆನ್', 'ಪ್ಯಾರಾಫರ್ನೇಲಿಯಾ', ಒಂದಾದ ಮೇಲೊಂದು ಸಣ್ಣ ಕಂಪನಿಗಳಿಂದ ಬಂದವು. ಅಮೆರಿಕ ಮರೆತರೂ ಜಪಾನಿನ ಅಭಿಮಾನಿಗಳು ಕೈಬಿಡಲಿಲ್ಲ. ಎಲ್ಲವೂ ಚೆನ್ನಾಗಿವೆ ಅಂತ ಹೇಳಲ್ಲ. ಕೆಲವು ಕಡೆ ಬಜೆಟ್ ಇಲ್ಲ ಅನ್ನೋದು ಕಿವಿಗೇ ಗೊತ್ತಾಗುತ್ತೆ. ಆದರೂ ಪ್ರತಿ ಆಲ್ಬಮ್ಮಿನಲ್ಲೂ ಎರಡು ಮೂರು ಟ್ಯೂನುಗಳು ಎಂಥ ದೊಡ್ಡ ಬ್ಯಾಂಡಿಗೂ ಹೊಟ್ಟೆಕಿಚ್ಚು ತರಿಸೋವಂಥವು.

ನಡುವೆ ಸಾವುಗಳೂ ಬಂದವು. ಡೆರೆಕ್ ಫ್ರಿಗೋ 2004ರಲ್ಲಿ ಹೋದ. ತೊಂಬತ್ತರ ದಶಕದಲ್ಲಿ ಬಂದು ಸೇರಿದ್ದ ಡ್ರಮ್ಮರ್ ರಿಕಿ ಪೇರೆಂಟ್ ಕ್ಯಾನ್ಸರ್‌ನಿಂದ 2007ರಲ್ಲಿ ತೀರಿಕೊಂಡ. 2013ರಲ್ಲಿ ಡಾನಿಯೂ ಬ್ಯಾಂಡ್ ಬಿಟ್ಟ. ಈಗ ಮೈಕ್ ಮುಂದೆ ನಿಲ್ಲೋದು ಚಿಪ್. 2018ರ 'ಡೈಮಂಡ್ ಬಾಯ್'ನಲ್ಲಿ ಹಾಡಿದ್ದು ಅವನೇ. ಡಾನಿಯ ದನಿಗೆ ಕಿವಿ ಒಗ್ಗಿದವರಿಗೆ ಮೊದಲು ಕಷ್ಟವೇ, ಆದರೆ ಟ್ಯೂನು ಕಟ್ಟೋ ಕೈ ಬದಲಾಗಿಲ್ಲ. 2021ರಲ್ಲಿ ಬೀಟಲ್ಸ್ ಹಾಡುಗಳದ್ದೇ ಒಂದು ಆಲ್ಬಂ ಮಾಡಿದರು, 'ಹಾರ್ಡ್‌ರಾಕ್ ನೈಟ್' ಅಂತ. ಋಣ ಎಲ್ಲಿದೆ ಅಂತ ಅವರೇ ಬಾಯಿಬಿಟ್ಟು ಹೇಳಿದ ಹಾಗಾಯ್ತು.

ಎಲ್ಲಿಂದ ಶುರು ಮಾಡೋದು ಅಂತ ಕೇಳೋರಿಗೆ: 'ನ್ಯೂ ಥಿಂಗ್' ಬೇಡ. 1993ರ ಆಲ್ಬಮ್ಮಿನ 'ಇನೊಸೆನ್ಸ್' ಹಾಕಿ, ಆಮೇಲೆ ಅದೇ ಆಲ್ಬಮ್ಮಿನ 'ರೈಟ್ ಬೈ ಯುವರ್ ಸೈಡ್'. ಮೆಟ್ರೋದಲ್ಲಿದ್ದರೆ ಫೋನ್ ಜೇಬಿಗೆ ಹಾಕ್ಕೊಳ್ಳಿ. ವಿಡಿಯೋ ನೋಡೋದಿದ್ರೆ ಮನೆಗೆ ಹೋದ ಮೇಲೆ, ಕೊನೇಲಿ.