ಮೊದಲು ಕಣಿವೆ, ಆಮೇಲೆ ಬಡಾವಣೆ

ಬೆಂಗಳೂರಿಗೆ ಕುಡಿಯುವ ನೀರು ತರುವ ಕಾವೇರಿ ಯೋಜನೆಯ ಐದನೇ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾದಾಗಿನಿಂದ ಜಯನಗರ, ಜೆ.ಪಿ. ನಗರದ ಕಡೆ ಒಂದು ಮಾತು ಚಾಲ್ತಿಗೆ ಬಂದಿದೆ: 'ಇನ್ನು ನೀರಿನ ಚಿಂತೆ ಬಿಡಿ.' ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು ತರುವ ಯೋಜನೆ ಸಣ್ಣದೇನಲ್ಲ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳ ಜನ ಅದಕ್ಕಾಗಿ ಕಾದು ಸುಸ್ತಾಗಿದ್ದರು, ಅವರ ಮನೆಗೆ ಕೊಳಾಯಿ ನೀರು ಬಂದದ್ದು ಸಂತೋಷವೇ. ಆದರೆ ಚಿಂತೆ ಬಿಡಿ ಅನ್ನುವ ಮಾತನ್ನು ಒಪ್ಪಲಾರೆ. ನೀರೆಂದರೆ ಕೊಳಾಯಿಯಲ್ಲಿ ಬರುವುದು, ಉಳಿದದ್ದೆಲ್ಲ ಚರಂಡಿಯ ವಿಷಯ ಎಂಬ ನಂಬಿಕೆ ಅದರ ಹಿಂದಿದೆ. ಈ ನಗರವನ್ನು ಕೆಡಿಸಿದ್ದು ಆ ನಂಬಿಕೆಯೇ.

2024ರ ಮಾರ್ಚ್ ನೆನಪಿರಲಿ. ನಗರದ 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಉಪಮುಖ್ಯಮಂತ್ರಿಗಳೇ ಹೇಳಿದರು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ಹದಿನಾಲ್ಕೇ ತಿಂಗಳಿಗೆ, 2025ರ ಮೇ 19ರಂದು, ಬಿಟಿಎಂ ಎರಡನೇ ಹಂತದ ಅಪಾರ್ಟ್‌ಮೆಂಟೊಂದರ ಬೇಸ್‌ಮೆಂಟಿಗೆ ನುಗ್ಗಿದ ಮಳೆನೀರನ್ನು ಪಂಪ್ ಹಚ್ಚಿ ಹೊರಹಾಕುವಾಗ ವಿದ್ಯುತ್ ತಗುಲಿ ಒಬ್ಬ ಹಿರಿಯರೂ ಒಬ್ಬ ಬಾಲಕನೂ ತೀರಿಕೊಂಡರು. ಬರಕ್ಕೆ ಮಳೆಯನ್ನು ದೂರಿದೆವು, ನೆರೆಗೂ ಮಳೆಯನ್ನೇ ದೂರಿದೆವು. ಎರಡಕ್ಕೂ ಕಾರಣ ನಾವು ಸೈಟು ಹಂಚಿದ ರೀತಿ.

ಬೆಂಗಳೂರು ದಕ್ಷಿಣದ ನೆಲವನ್ನು ಸ್ವಲ್ಪ ನೋಡಿ. ಬಸವನಗುಡಿ, ಬನಶಂಕರಿಯ ಎತ್ತರದ ಸಾಲು ಈ ಪ್ರದೇಶದ ನೆತ್ತಿ. ವೃಷಭಾವತಿ ದೊಡ್ಡ ಬಸವಣ್ಣನ ಪಾದದಡಿ ಹುಟ್ಟಿದಳೆಂಬ ಐತಿಹ್ಯ ಇರುವುದು ಇಲ್ಲೇ. ನೆತ್ತಿಯ ಪಶ್ಚಿಮಕ್ಕೆ, ಕತ್ರಿಗುಪ್ಪೆ, ಹೊಸಕೆರೆಹಳ್ಳಿಯ ಕಡೆ ಬಿದ್ದ ಮಳೆ ವೃಷಭಾವತಿಗೆ ಇಳಿದು, ಅರ್ಕಾವತಿ ಸೇರಿ, ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ, ಜಯನಗರ, ಬಿಟಿಎಂ ಕಡೆ ಬಿದ್ದದ್ದು ಕೋರಮಂಗಲ ಕಣಿವೆ ಹಿಡಿದು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಯ ಪಾಲಾಗುತ್ತದೆ. ಒಂದೇ ಮೋಡದ ನೀರು ಎರಡು ನದಿಗಳಿಗೆ ಹಂಚಿಹೋಗುವ ಊರು ಇದು. ಇದು ಬರೀ ಭೂಗೋಳದ ಪಾಠವಲ್ಲ. ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಎಂಬ ಕಾರಣಕ್ಕೆ ಕಾವೇರಿ ನ್ಯಾಯಮಂಡಳಿ ನಗರದ ಪಾಲನ್ನು ಕತ್ತರಿಸಿತ್ತು. 2018ರ ಫೆಬ್ರುವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿದ್ದಿ 4.75 ಟಿಎಂಸಿ ಹೆಚ್ಚುವರಿ ಕೊಟ್ಟಿತು. ಈ ನೆತ್ತಿಯ ಗೆರೆ ಎರಡು ರಾಜ್ಯಗಳ ವ್ಯಾಜ್ಯವನ್ನೇ ಪ್ರಭಾವಿಸಿತು. ಬಡಾವಣೆಯ ನಕ್ಷೆ ಬರೆಯುವವರ ಮೇಜಿನ ಮೇಲೆ ಮಾತ್ರ ಆ ಗೆರೆಗೆ ಜಾಗ ಸಿಗಲಿಲ್ಲ.

ಹಳಬರು ಈ ಇಳಿಜಾರನ್ನು ನಂಬಿ ಬದುಕಿದ್ದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ, ಅದು ತುಂಬಿದರೆ ಮತ್ತೂ ಕೆಳಗಿನದಕ್ಕೆ. ತೂಬು ಎತ್ತಿ ಗದ್ದೆಗೆ ನೀರು ಬಿಡಲು ನೀರುಗಂಟಿ ಇದ್ದ. ಬೈರಸಂದ್ರ, ತಾವರೆಕೆರೆ, ಮಡಿವಾಳ ಈ ಮೂರು ಊರುಗಳ ನೆಲ ಸೇರಿ ಬಿಟಿಎಂ ಲೇಔಟ್ ಆಯಿತು, ಮೂರಕ್ಕೂ ಕೆರೆಗಳಿದ್ದವು. ಇಂದು ದೊಡ್ಡ ಕೆರೆಯಾಗಿ ಉಳಿದಿರುವುದು ಮಡಿವಾಳದ್ದೊಂದೇ. ಅಲ್ಲಿಂದ ಅಗರ, ಅಗರದಿಂದ ಬೆಳ್ಳಂದೂರು. ಮಳೆನೀರು ಈಗಲೂ ಆ ಹಳೆಯ ದಾರಿಯನ್ನೇ ಹುಡುಕುತ್ತದೆ. ದಾರಿಯಲ್ಲಿ ಮನೆ ಇದ್ದರೆ ಮನೆಯೊಳಗೆ ಬರುತ್ತದೆ.

ಜೆ.ಪಿ. ನಗರ ಏಳನೇ ಹಂತದ ಪುಟ್ಟೇನಹಳ್ಳಿ ಕೆರೆ ನನ್ನ ಪಾಲಿಗೆ ಈ ಚರ್ಚೆಯ ಮುಖ್ಯ ಸಾಕ್ಷಿ. ಸಣ್ಣ ಕೆರೆ, ಒಣಗಿ ಕಸದ ತಿಪ್ಪೆಯಾಗುವ ಹಂತಕ್ಕೆ ಬಂದಿತ್ತು. ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿ, ಮರುವರ್ಷ ಬಿಬಿಎಂಪಿ ಜೊತೆ ಒಪ್ಪಂದ ಮಾಡಿಕೊಂಡು ಕೆರೆಯ ಉಸ್ತುವಾರಿ ಹೊತ್ತರು. ಹೂಳೆತ್ತಿದ್ದಾಯಿತು, ಗಿಡ ನೆಟ್ಟದ್ದಾಯಿತು, ಹಕ್ಕಿಗಳೂ ಬಂದವು. ನೀರು ಮಾತ್ರ ಸಾಲಲಿಲ್ಲ, ಏಕೆಂದರೆ ಕೆರೆಗೆ ನೀರು ತರಬೇಕಿದ್ದ ನೆಲದ ಮೇಲೆಲ್ಲ ಕಟ್ಟಡಗಳು ಎದ್ದಿದ್ದವು, ಕಾಲುವೆಗಳು ಮುಚ್ಚಿಹೋಗಿದ್ದವು. ಕೊನೆಗೆ ಆಸರೆಯಾದದ್ದು ಪಕ್ಕದ ದೊಡ್ಡ ಅಪಾರ್ಟ್‌ಮೆಂಟಿನ ಕೊಳಚೆನೀರು ಸಂಸ್ಕರಣಾ ಘಟಕದಲ್ಲಿ ಶುದ್ಧಮಾಡಿದ ನೀರು. ಯೋಚಿಸಿ: ನೂರು ಕಿಲೋಮೀಟರ್ ಆಚೆಯ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ದಾಟಿ ಮೂರು ಮಜಲುಗಳಲ್ಲಿ ಪಂಪಾಗಿ ಬಂದ ಕಾವೇರಿ, ಸ್ನಾನದ ಮನೆ ಮುಗಿಸಿ, ಶುದ್ಧಳಾಗಿ, ಒಂದು ಕೆರೆಯನ್ನು ಬದುಕಿಸಿದಳು. ಯಾವ ಇಲಾಖೆಯ ನಕ್ಷೆಯಲ್ಲೂ ಇಲ್ಲದ ಈ ಜೋಡಣೆಯನ್ನು ನೆರೆಹೊರೆಯವರು ಕೂಡಿಸಿದರು. ಅವರಿಗೆ ಕೈಮುಗಿಯುತ್ತೇನೆ. ಆದರೆ ನಿವಾಸಿಗಳ ಛಲವನ್ನೇ ನಂಬಿ ಮಹಾನಗರ ನಡೆಯಲಾಗದು. ಅಂಥ ನೆರೆಹೊರೆ ಇಲ್ಲದ ಕೆರೆಗಳು ಎಷ್ಟಿಲ್ಲ?

ಆ ಜೋಡಣೆ ತಾನಾಗಿ ಆಗದಿರಲು ಕಾರಣ ಸರಳ. ಕೊಳಾಯಿಯೂ ಒಳಚರಂಡಿಯೂ 1964ರ ಕಾಯ್ದೆಯಿಂದ ಜಲಮಂಡಳಿಗೆ. ರಾಜಕಾಲುವೆ, ಬಹುಪಾಲು ಕೆರೆಗಳು ಪಾಲಿಕೆಗೆ. ಅಂತರ್ಜಲ ಮತ್ತೊಂದು ಪ್ರಾಧಿಕಾರಕ್ಕೆ. ಯಾವ ನೆಲದಲ್ಲಿ ಏನು ಕಟ್ಟಬೇಕೆಂಬ ತೀರ್ಮಾನ ಇತ್ತೀಚಿನವರೆಗೂ ಬಿಡಿಎಗೆ ಸೇರಿತ್ತು. ಬಡಾವಣೆಯ ನಕ್ಷೆ ಮುಗಿದು ಸೈಟು ಹಂಚಿದ ಮೇಲೆ ಜಲಮಂಡಳಿಗೆ ಪೈಪು ಹಾಕಲು ಕರೆ ಹೋಗುತ್ತದೆ. ಅಷ್ಟರಲ್ಲಿ ಕಾಲುವೆ ಕಾಣೆಯಾಗಿರುತ್ತದೆ.

ನನ್ನ ವಾದಕ್ಕೆ ಎದುರಾಗುವ ಎರಡು ಆಕ್ಷೇಪಗಳನ್ನು ಗೌರವದಿಂದ ಎದುರಿಸಬೇಕು. ಒಂದು, ಎಂಜಿನಿಯರುಗಳದ್ದು. ಕೋಟಿಗೂ ಮೀರಿದ ಜನ ಕೆರೆ, ಬಾವಿ ನಂಬಿ ಬದುಕಲಾರರು, ಗಟ್ಟಿ ಬಂಡೆಯ ಈ ನೆಲದಲ್ಲಿ ಅಂತರ್ಜಲಕ್ಕೆ ಮಿತಿ ಇದೆ, ಕಾವೇರಿ ಅನಿವಾರ್ಯ ಎನ್ನುತ್ತಾರೆ. ನಿಜ. ಹಾಗಿದ್ದರೂ ಲೆಕ್ಕ ಹಾಕೋಣ. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ ಸುಮಾರು 970 ಮಿಲಿಮೀಟರ್. 30x40 ಸೈಟಿನ ಮೇಲೆ ಅದು ಒಂದು ಲಕ್ಷ ಲೀಟರಿಗೂ ಹೆಚ್ಚು. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ಕು ಜನರ ಮನೆಗೆ ವರ್ಷಕ್ಕೆ ಬೇಕಾದದ್ದು ಎರಡು ಲಕ್ಷ ಲೀಟರಿಗೆ ತುಸು ಕಡಿಮೆ. ಎಲ್ಲವನ್ನೂ ಹಿಡಿಯಲಾಗದು, ಆದರೂ ಮೂರನೇ ಒಂದು ಪಾಲು ಸಿಕ್ಕರೂ ಅದು ಆಣೆಕಟ್ಟು ಬೇಡದ ನೀರು. ಕಾವೇರಿಯನ್ನಾದರೋ ಸುಮಾರು 500 ಮೀಟರ್ ಮೇಲೆತ್ತಬೇಕು, ಸಾವಿರ ಲೀಟರಿಗೆ ಭೌತಶಾಸ್ತ್ರದ ಲೆಕ್ಕದಲ್ಲೇ 1.4 ಯುನಿಟ್ ವಿದ್ಯುತ್, ಪಂಪಿನ ನಷ್ಟ ಬೇರೆ. 2009ರಲ್ಲೇ ಮಳೆಕೊಯ್ಲು ಕಡ್ಡಾಯವಾಯಿತು. ಹೇಗೆ ಮಾಡಬೇಕೆಂದು ತೋರಿಸುವ ಉದ್ಯಾನ ಜಯನಗರದಲ್ಲೇ ಇದೆ. ಇಂಗುಬಾವಿ ತೋಡಬಲ್ಲ ಮಣ್ಣು ವಡ್ಡರು ನಗರದ ಅಂಚಿನಲ್ಲೇ ಇದ್ದಾರೆ. ಕಾವೇರಿಗೆ ಕೋರ್ಟು ಕಟ್ಟಿದ ಮಿತಿ ಇದೆ. ಮಿತಿ ಇರುವ ನೀರಿಗೆ ಮಿತಿ ಇಲ್ಲದ ಕಟ್ಟಡ ಮಂಜೂರು ಮಾಡುವುದನ್ನು ಯೋಜನೆ ಎನ್ನಲಾಗದು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. 2015ರ ಏಪ್ರಿಲ್‌ನಲ್ಲಿ 82 ಎಕರೆಯ ಸಾರಕ್ಕಿ ಕೆರೆಯ ಒತ್ತುವರಿ ತೆರವಾದಾಗ ಬೀದಿಗೆ ಬಿದ್ದವರಲ್ಲಿ ಎಷ್ಟೋ ಮಂದಿ ಸಾಲ ಮಾಡಿ, ಯಾರೋ ಬರೆದುಕೊಟ್ಟ ಪತ್ರ ನಂಬಿ ಮನೆ ಕಟ್ಟಿಕೊಂಡಿದ್ದವರು. ಕೆರೆ ಉಳಿಸುವ ನೆಪದಲ್ಲಿ ಬಡವರನ್ನು ಎಬ್ಬಿಸುವುದು ನಿಮ್ಮ ಯೋಜನೆಯೇ ಎಂದು ಕೇಳುವವರಿಗೆ ನಾನು ಸುಲಭದ ಉತ್ತರ ಕೊಡಲಾರೆ. ಇಷ್ಟು ಮಾತ್ರ ಹೇಳಬಲ್ಲೆ: ಕಣಿವೆಯ ನಕ್ಷೆ ಮೊದಲೇ ಕಾನೂನಾಗಿದ್ದರೆ ಆ ಪತ್ರಗಳು ಹುಟ್ಟುತ್ತಿರಲಿಲ್ಲ. ಈಗ ಇರುವವರಿಗೆ ಮೊದಲು ಪುನರ್ವಸತಿ, ನಂತರ ತೆರವು, ಮತ್ತು ಪತ್ರ ಕೊಟ್ಟವರ ಮೇಲೆ ಮೊಕದ್ದಮೆ. ಈ ಮೂರನೆಯದನ್ನು ಬಿಟ್ಟರೆ ಮೊದಲೆರಡಕ್ಕೂ ನ್ಯಾಯವಿಲ್ಲ.

ಇನ್ನು ರಾಜಕಾಲುವೆಗೆ ಎತ್ತರದ ಕಾಂಕ್ರೀಟ್ ಗೋಡೆ ಕಟ್ಟಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ನೆರೆಯನ್ನು ಕೆಳಗಿನ ಬಡಾವಣೆಗೆ ದಾಟಿಸುತ್ತಿದ್ದಾರೆ, ಅಷ್ಟೆ.

ನಾನು ಕೇಳುವುದು ಹೊಸದೊಂದು ಪ್ರಾಧಿಕಾರವನ್ನಲ್ಲ. ನಗರ ಯೋಜನೆಯ ಘಟಕ ವಾರ್ಡ್ ಆಗಬಾರದು, ಕಣಿವೆಯಾಗಬೇಕು. ಒಂದು ಕಣಿವೆಗೆ ಎಷ್ಟು ಮಳೆ, ಎಷ್ಟು ಕಾವೇರಿ, ಎಷ್ಟು ಶುದ್ಧೀಕರಿಸಿದ ನೀರು ಎಂಬ ಆಯವ್ಯಯ ಬರೆದು, ಅದು ತಾಳುವಷ್ಟಕ್ಕೆ ಮಾತ್ರ ಕಟ್ಟಡದ ನಕ್ಷೆ ಮಂಜೂರಾಗಬೇಕು. ಬಳಸಿದ ನೀರಿನಲ್ಲಿ ಶೇ. 80ರಷ್ಟು ಒಳಚರಂಡಿಗೆ ಮರಳುತ್ತದೆ ಎಂಬುದು ಎಂಜಿನಿಯರರ ರೂಢಿಯ ಲೆಕ್ಕ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಆ ನೀರು ಸಂಸ್ಕರಣೆಯಾಗಿ 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಅಷ್ಟು ದೂರ ಪೈಪು ಹಾಕಬಲ್ಲವರು ಇಲ್ಲಿನ ಫ್ಲಶ್ಶಿಗೆ, ಉದ್ಯಾನಕ್ಕೆ, ಕಟ್ಟಡ ಕಾಮಗಾರಿಗೆ ಎರಡನೇ ಪೈಪು ಹಾಕಲಾರರೇ?

ಬೆಂಗಳೂರು ಇಂದಿಗೂ ನಡೆಯುತ್ತಿರುವುದು 2007ರಲ್ಲಿ ಒಪ್ಪಿಗೆ ಪಡೆದ, 2015ಕ್ಕೆಂದು ಬರೆದ ಮಾಸ್ಟರ್ ಪ್ಲಾನಿನ ಮೇಲೆ. 2031ರದ್ದೆಂದು ಸಿದ್ಧವಾದ ಕರಡನ್ನು ಹಿಂದಕ್ಕೆ ಪಡೆಯಲಾಯಿತು. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು, ಹೊಸ ಯೋಜನೆ ಬರಲೇಬೇಕು. ಕರಡು ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸುವ ಹಕ್ಕು ಪ್ರತಿ ನಾಗರಿಕನಿಗೂ ಇದೆ. ಆ ದಿನ ರಸ್ತೆ ಅಗಲ, ಮೆಟ್ರೊ ನಿಲ್ದಾಣ ನೋಡುವ ಮೊದಲು ನಿಮ್ಮ ಬೀದಿಯ ಮಳೆ ಯಾವ ಕಾಲುವೆಗೆ, ಯಾವ ಕೆರೆಗೆ ಹೋಗುತ್ತದೆಂದು ನಕ್ಷೆಯಲ್ಲಿ ಹುಡುಕಿ. ಸಿಗದಿದ್ದರೆ, ಆಕ್ಷೇಪಣೆ ಬರೆದುಕೊಡಿ.