ಪಾಠ ಕೆಡಿಸಿದವರಾರು?

ವಚನಗಳಲ್ಲಿಯೂ ದಾಸರ ಪದಗಳಲ್ಲಿಯೂ ಗಂಡು ಗಂಡಿಗೆ ಒಲಿದ, ಹೆಣ್ಣು ಹೆಣ್ಣಿಗೆ ಒಲಿದ ಭಾವದ ಸುಳಿವನ್ನು ಕಾಣುವ ಓದು ತರುಣರಲ್ಲಿ ಈಚೆಗೆ ಬಳಕೆಗೆ ಬಂದಿರುವುದು ವಾಚಕರಿಗೆ ವಿದಿತವೇ ಇದೆ. ಅದೇ ತರುಣರು ಜಪಾನ್ ದೇಶದ ಮಾಂಗಾ ಎಂಬ ಚಿತ್ರಕಥೆಗಳನ್ನೂ ಅನಿಮೆ ಎಂಬ ಚಲಚ್ಚಿತ್ರಗಳನ್ನೂ ಹೀಗೆಯೇ ಓದುವರು. ಇಬ್ಬರು ಗೆಳೆಯರ ಒಂದು ನೋಟದಲ್ಲಿ, ಇಬ್ಬರು ಗೆಳತಿಯರ ಅರ್ಧಕ್ಕೆ ನಿಂತ ಮಾತಿನಲ್ಲಿ, ಕಥೆಗಾರನು ಬಾಯಿಬಿಟ್ಟು ಹೇಳದ ಒಲವನ್ನು ಕಾಣುವರು. ಕಂಡುದನ್ನು ತಾವೂ ಬರೆದು, ಚಿತ್ರಿಸಿ, ತಮ್ಮೊಳಗೆ ಹಂಚಿಕೊಳ್ಳುವರು. ಇದನ್ನು ನೋಡಿ ಕೆಲವರು ಹಿರಿಯರು ಕಿಡಿಕಿಡಿಯಾಗಿರುವರು. ಅವರ ಆಕ್ಷೇಪಗಳು ಮೂರು. ಇದು ಪರದೇಶದ ಜಾಡ್ಯವೆಂಬುದು ಒಂದು. ಗ್ರಂಥದಲ್ಲಿಲ್ಲದ ಅರ್ಥವನ್ನು ತುರುಕುವುದು ಗ್ರಂಥದ್ರೋಹವೆಂಬುದು ಎರಡು. ಪೂಜ್ಯರಿಗೆ ಇದರಿಂದ ಕಳಂಕ ಬರುವುದೆಂಬುದು ಮೂರು. ಈ ಮೂರನ್ನೂ ಪೂರ್ವಪಕ್ಷವಾಗಿಟ್ಟುಕೊಂಡು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಸೂಚೀಕಟಾಹನ್ಯಾಯದಂತೆ ಹಗುರವಾದ ಆಕ್ಷೇಪವನ್ನು ಮೊದಲು ಎತ್ತಿಕೊಳ್ಳಬಹುದು. ಪರದೇಶದಿಂದ ಬಂದುದೆನ್ನುವವರು ಹನ್ನೆರಡನೆಯ ಶತಮಾನದ ಉರಿಲಿಂಗದೇವನನ್ನೂ ಗಜೇಶ ಮಸಣಯ್ಯನನ್ನೂ ಒಮ್ಮೆ ತೆರೆದು ನೋಡಲಿ. ಇಬ್ಬರೂ ಗಂಡಸರು. ಇಬ್ಬರ ವಚನಗಳಲ್ಲಿಯೂ ಮಾತನಾಡುವವಳು ನಲ್ಲನಿಗಾಗಿ ಕಾದು ಬೆಂದ ಹೆಣ್ಣು. ಆಕೆಯ ಮೈಯ ಬಿಸಿ, ಮುನಿಸು, ಕೂಟದ ಸುಖ ಎಲ್ಲವೂ ಅಲ್ಲಿವೆ. ಬಸವಣ್ಣನವರು ಒಂದು ವಚನದಲ್ಲಿ ತಾನು ಗಂಡುಡುಗೆ ತೊಟ್ಟುದು ದೇವನಿಗಾಗಿ ಎನ್ನುವರು. ಒಮ್ಮೆ ಗಂಡು, ಒಮ್ಮೆ ಹೆಣ್ಣು ಎನ್ನುವರು. ಅಷ್ಟಕ್ಕೆ ನಿಲ್ಲದೆ ಶರಣರಿಗೆ ತಾನು ವಧುವೆನ್ನುವರು. ಕೃಷ್ಣೆಯ ಆಚೆ ದಡದ ಸುರಪುರ ಸೀಮೆಯಲ್ಲಿ ಮುದನೂರು ಇದೆ. ಆ ಊರಿನವನೆಂದು ಪ್ರಸಿದ್ಧನಾದ ಜೇಡರ ದಾಸಿಮಯ್ಯನು, ಮೈಯ ಗುರುತುಗಳನ್ನು ನೋಡಿ ಜನರು ಹೆಣ್ಣೆನ್ನುವರು, ಗಂಡೆನ್ನುವರು, ಒಳಗೆ ಸುಳಿವ ಆತ್ಮವಾದರೋ ಎರಡೂ ಅಲ್ಲ ಎಂದು ಇತ್ಯರ್ಥಮಾಡಿರುವನು. ಇದೇ ಪ್ರಶ್ನೆಯನ್ನು ಗೊಗ್ಗವ್ವೆಯೂ ಎತ್ತಿರುವಳು. ಹದಿನೈದನೆಯ ಶತಮಾನದ ಯತಿಗಳಾದ ಶ್ರೀಪಾದರಾಜರು ಗೋಪಿಯರ ಬಾಯಾಗಿ ಭ್ರಮರಗೀತೆಯನ್ನೂ ವೇಣುಗೀತೆಯನ್ನೂ ಕನ್ನಡದಲ್ಲಿ ಹಾಡಿರುವರು. ಎಲ್ಲಮ್ಮನ ಜೋಗಪ್ಪಂದಿರು ಸೀರೆಯುಟ್ಟು ಚೌಡಿಕೆ ಹಿಡಿದು ಬರುವುದನ್ನು ಈ ಸೀಮೆಯ ಜನರು ತಲೆತಲಾಂತರದಿಂದ ಕಂಡವರೇ. ಬಳ್ಳಾರಿ ಜಿಲ್ಲೆಯ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಇವುಗಳಲ್ಲಿ ಯಾವುದು ಹಡಗು ಹತ್ತಿ ಬಂದಿತು? ಹಡಗು ಹತ್ತಿ ಬಂದುದು ಇಂಥ ಒಲವನ್ನು ಅಪರಾಧವೆನಿಸಿದ 1860ರ ದಂಡಸಂಹಿತೆಯ 377ನೆಯ ವಿಧಿ. ವಯಸ್ಕರಿಬ್ಬರು ಒಪ್ಪಿ ಒಲಿದ ಸಂಬಂಧಕ್ಕೆ ಆ ವಿಧಿಯು ತಗುಲದೆಂದು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು.

ಎರಡನೆಯ ಆಕ್ಷೇಪವು ಗ್ರಂಥದ್ರೋಹದ್ದು. ಇದು ಘನವಾದ ಆಕ್ಷೇಪ. ಗ್ರಂಥವನ್ನು ಪ್ರೀತಿಸುವವರ ಬಾಯಿಂದ ಬಂದುದಾದ ಕಾರಣ ಗೌರವದಿಂದಲೇ ಉತ್ತರಿಸತಕ್ಕದ್ದು. ಆದರೆ ಇಲ್ಲಿ ಪಾಠ ಬೇರೆ, ಅರ್ಥ ಬೇರೆ ಎಂಬ ವಿವೇಕವನ್ನು ಆಕ್ಷೇಪಕರು ಮರೆತಿರುವರು. ಪಾಠವೆಂದರೆ ಕವಿಯು ಇಟ್ಟ ಅಕ್ಷರ. ಅದು ಎಲ್ಲರ ಸೊತ್ತು, ಯಾರೂ ಮುಟ್ಟಬಾರದು. ಅರ್ಥವು ಆ ಅಕ್ಷರದಿಂದ ಓದುಗನ ಮನಸ್ಸಿನಲ್ಲಿ ಹೊಳೆಯುವಂಥದು. ಒಬ್ಬನ ಅರ್ಥ ತಪ್ಪಾದರೆ ಮತ್ತೊಬ್ಬನು ಅದೇ ಅಕ್ಷರವನ್ನು ತೋರಿಸಿ ತಿದ್ದಬಲ್ಲನು. ಅಕ್ಷರವನ್ನೇ ಅಳಿಸಿದರೆ ಮುಂದಿನವರು ಏನನ್ನು ತೋರಿಸಿ ತಿದ್ದಿಯಾರು? ಆದುದರಿಂದ ದ್ರೋಹವೆಂಬ ಮಾತು ಪಾಠವನ್ನು ಕೆಡಿಸಿದವನಿಗೆ ಸಲ್ಲತಕ್ಕದ್ದು.

ಈ ಅಳತೆಗೋಲನ್ನು ಹಿಡಿದು ಜಪಾನಿನ ಕಥೆಗಳ ಕಡೆಗೆ ನೋಡಬಹುದು. ತಾಕೆಉಚಿ ನಾವೊಕೊ ಎಂಬ ಲೇಖಕಿಯು 1991ರಲ್ಲಿ ಸೇಲರ್ ಮೂನ್ ಎಂಬ ಮಾಂಗಾವನ್ನು ಆರಂಭಿಸಿದಳು; ಮರುವರ್ಷ ಅದು ಅನಿಮೆಯಾಯಿತು. ಹರೂಕಾ, ಮಿಚಿರೂ ಎಂಬ ಇಬ್ಬರು ತರುಣಿಯರು ಅದರಲ್ಲಿ ಪರಸ್ಪರ ಒಲಿದವರು. ಇದನ್ನು ಇಂಗ್ಲಿಷಿಗೆ ತಂದವರು 2000ದಲ್ಲಿ ಆ ಇಬ್ಬರನ್ನೂ ದಾಯಾದಿ ಸಂಬಂಧಿಗಳೆಂದು ಬದಲಿಸಿದರು. ಅದಕ್ಕೆ ಮೊದಲು 1995ರಲ್ಲಿ, ಇನ್ನೊಬ್ಬ ಗಂಡಸಿಗೆ ಒಲಿದಿದ್ದ ಜೊಯ್ಸೈಟ್ ಎಂಬ ಗಂಡುಪಾತ್ರವನ್ನು ಇಂಗ್ಲಿಷಿನಲ್ಲಿ ಹೆಣ್ಣಾಗಿ ಮಾಡಿದ್ದರು. ಚಿತ್ರ ಅದೇ, ನೋಟ ಅದೇ, ಕೈಹಿಡಿದ ಬಗೆ ಅದೇ. ಮಾತು ಮಾತ್ರ ಬೇರೆ. ಚಿತ್ರವೊಂದನ್ನು ಹೇಳಿ ಮಾತೊಂದನ್ನು ಹೇಳಿದಾಗ ನೋಡಿದವರು ಚಿತ್ರವನ್ನು ನಂಬಿದರೆ ಅದು ಯಾರ ತಪ್ಪು? ಇಲ್ಲಿ ಅಭಿಮಾನಿಗಳು ಇಲ್ಲದ ಅರ್ಥವನ್ನು ತುರುಕಿದವರಲ್ಲ. ಮರೆಮಾಡಿದುದನ್ನು ಹುಡುಕಿ ತೆಗೆದವರು. ಸದಾಚಾರದ ಹೆಸರಿನಲ್ಲಿ ಪಾಠ ತಿದ್ದಿದವರೇ ಪಾಠಕಂಟಕರಾದರು. ಇಂಥ ಒಲವು ಆ ನಾಡಿನ ಗ್ರಂಥಗಳಿಗೆ ಹೊಸದೂ ಅಲ್ಲ. ಇಹಾರಾ ಸೈಕಾಕು ಎಂಬವನು ಪುರುಷರ ಪರಸ್ಪರ ಪ್ರೇಮದ ಕಥೆಗಳನ್ನೇ ಸಂಗ್ರಹಿಸಿ 1687ರಲ್ಲಿ ಅಚ್ಚುಹಾಕಿಸಿದ್ದನು.

ಕನ್ನಡ ನಾಡಿನಲ್ಲಿಯೂ ಪಾಠ ಬದಲಿಸಿದ ಪ್ರಸಂಗವೊಂದು ನಡೆದುದುಂಟು. ಮಾತೆ ಮಹಾದೇವಿಯವರ ವಚನಸಂಗ್ರಹದಲ್ಲಿ ಬಸವಣ್ಣನವರ ಅಂಕಿತವಾದ ಕೂಡಲಸಂಗಮದೇವ ಎಂಬುದು ಲಿಂಗದೇವ ಎಂದಾಯಿತು. ನಾಡೆಲ್ಲ ಕೋಲಾಹಲವೆದ್ದಿತು, ಸರಕಾರವು 1998ರಲ್ಲಿ ಆ ಪುಸ್ತಕವನ್ನು ನಿಷೇಧಿಸಿತು, ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಆ ನಿಷೇಧವನ್ನು ಎತ್ತಿಹಿಡಿಯಿತು. ಪುಸ್ತಕಗಳನ್ನು ನಿಷೇಧಿಸುವುದು ಯುಕ್ತವೆ ಎಂಬುದು ಬೇರೆ ಚರ್ಚೆ. ಪ್ರಕೃತಕ್ಕೆ ಬೇಕಾದುದು ಇಷ್ಟೆ: ಅರ್ಥಭೇದವನ್ನು ಎಂಟು ನೂರು ವರ್ಷ ಸಹಿಸಿಕೊಂಡ ಕನ್ನಡ ಜನರು ಒಂದು ಅಂಕಿತದ ಬದಲಾವಣೆಯನ್ನು ಸಹಿಸಲಿಲ್ಲ. ಪಾಠಕ್ಕೂ ಅರ್ಥಕ್ಕೂ ಇರುವ ಅಂತರವು ಜನಸಾಮಾನ್ಯರಿಗೆ ತಿಳಿದಿದೆ. ಆಕ್ಷೇಪಕರಿಗೆ ಮಾತ್ರ ತಿಳಿಯದಾಗಿದೆ.

ಇನ್ನು, ಕಂಡ ಅರ್ಥವನ್ನು ಹೊಸ ಕಥೆಯಾಗಿ ಬರೆಯುವ ಮಾತು. ಜಪಾನಿನ ಅಭಿಮಾನಿಗಳು 1975ರ ಡಿಸೆಂಬರಿನಲ್ಲಿ ಟೋಕಿಯೋ ನಗರದಲ್ಲಿ ಕಾಮಿಕ್ ಮಾರ್ಕೆಟ್ ಎಂಬ ಸಂತೆಯನ್ನು ಮೊದಲು ನೆರೆಸಿ, ತಾವೇ ಅಚ್ಚುಮಾಡಿಸಿದ ಕಿರುಹೊತ್ತಗೆಗಳನ್ನು ಮಾರಿಕೊಂಡರು. ಇದನ್ನು ಕೇಳಿ ನಗುವವರು ಅಲ್ಲಮಪ್ರಭುವಿನ ಕಥೆಯನ್ನು ನೆನೆಯಲಿ. ಹರಿಹರನ ರಗಳೆಯಲ್ಲಿ ಅಲ್ಲಮನು ಕಾಮಲತೆಯನ್ನು ಒಲಿದು ಕೂಡಿ, ಅವಳ ಸಾವಿನಿಂದ ಕಂಗೆಟ್ಟು ವೈರಾಗ್ಯ ಹೊಂದುವನು. ಚಾಮರಸನಿಗೆ ಅದು ಸಮ್ಮತವಾಗಲಿಲ್ಲ. ಆತನ ಪ್ರಭುಲಿಂಗಲೀಲೆಯಲ್ಲಿ ಮಾಯೆಯೇ ಮೋಹಿಸಿ ಬಂದು ಸೋತು ಹಿಂದಿರುಗುವಳು. ಶೂನ್ಯಸಂಪಾದನೆಯ ಕರ್ತೃಗಳಾದರೋ ಬಿಡಿ ವಚನಗಳನ್ನು ಆಯ್ದು, ಇದು ಪ್ರಭುವಿನ ಪ್ರಶ್ನೆ, ಇದು ಅಕ್ಕನ ಉತ್ತರ ಎಂದು ಪೋಣಿಸಿ, ಕಲ್ಯಾಣದ ಸಂವಾದವನ್ನೇ ಕಟ್ಟಿ ನಿಲ್ಲಿಸಿದರು. ಇವರೆಲ್ಲರೂ ಅಭಿಮಾನಿಗಳಲ್ಲದೆ ಮತ್ತೇನು? ಮೂಲದ ಮೇಲಣ ಪ್ರೀತಿಯಿಂದ ಮೂಲವು ಹೇಳದುದನ್ನು ಹೇಳಿದರು. ನಾಡು ಅದನ್ನು ತಲೆಯ ಮೇಲಿಟ್ಟುಕೊಂಡಿತು. ಹಿರಿಯರು ಮಾಡಿದರೆ ಸಂಪಾದನೆ, ಕಿರಿಯರು ಮಾಡಿದರೆ ದ್ರೋಹ ಎಂಬುದು ಯಾವ ಶಾಸ್ತ್ರ?

ಇಲ್ಲಿ ಒಂದು ಸಮಾಧಾನವನ್ನು ಪ್ರತಿವಾದಿಗಳು ಹೇಳುವುದುಂಟು. ಶರಣಸತಿ ಲಿಂಗಪತಿ ಎಂಬುದು ಕೇವಲ ಸಂಕೇತ. ಜೀವನು ಹೆಣ್ಣು, ಶಿವನೊಬ್ಬನೇ ಗಂಡು. ಮೈಗೂ ಅದಕ್ಕೂ ಸಂಬಂಧವಿಲ್ಲ ಎನ್ನುವರು. ಸಂಕೇತವೆಂಬುದು ನಿಜ. ಆದರೆ ಕೇವಲ ಎಂಬುದು ಎಲ್ಲಿಂದ ಬಂದಿತು? ಅದು ವಚನದಲ್ಲಿಲ್ಲ; ವ್ಯಾಖ್ಯಾನಕಾರನ ಕೈಯಿಂದ ಬಂದುದು. ಗ್ರಂಥದಲ್ಲಿಲ್ಲದುದನ್ನು ತರಬಾರದೆನ್ನುವವರು ತಾವೇ ಅದನ್ನು ತಂದರು. ಸಂಕೇತವು ಕೈಗೂಡಬೇಕಾದರೂ ಮೊದಲು ಗಂಡು ದೇಹದ ಕವಿಯು ಗಂಡನೊಬ್ಬನಿಗೆ ಒಲಿದ ಭಾವವನ್ನು ತನ್ನಲ್ಲಿ ತುಂಬಿಕೊಳ್ಳಬೇಕು, ಕೇಳುವವನೂ ತುಂಬಿಕೊಳ್ಳಬೇಕು. ವಾಚ್ಯಾರ್ಥವನ್ನು ಕೊಂದು ವ್ಯಂಗ್ಯಾರ್ಥವನ್ನು ಬದುಕಿಸುವೆನೆಂಬುದು ಬೇರು ಕಡಿದು ಹಣ್ಣು ಬಯಸಿದಂತೆ.

ಹಾಗಾದರೆ ಯಾರು ಏನನ್ನಾದರೂ ಕಾಣಬಹುದೆ? ಬಾರದು. ಈ ಪ್ರಶ್ನೆಗೆ ಉತ್ತರವನ್ನು ಪರದೇಶದಿಂದ ತರಿಸಬೇಕಾಗಿಲ್ಲ. ಕಾವ್ಯದ ಜೀವವು ಧ್ವನಿಯೆಂದು ಒಂಬತ್ತನೆಯ ಶತಮಾನದಲ್ಲಿ ಆನಂದವರ್ಧನನು ಸಾಧಿಸಿದನು. ಅದೇ ಶತಮಾನದ ಕವಿರಾಜಮಾರ್ಗದಲ್ಲಿಯೂ ಧ್ವನಿಯೆಂಬ ಹೆಸರು ಬಂದಿದೆ. ಹೊತ್ತು ಮುಳುಗಿತೆಂಬ ಒಂದೇ ಮಾತು ದನಗಾಹಿಗೆ ಹಟ್ಟಿಗೆ ದನ ಹೊಡೆಯೆಂದೂ, ಅಭಿಸಾರಿಕೆಗೆ ಹೊರಡು ಎಂದೂ, ವೈದಿಕನಿಗೆ ಸಂಧ್ಯಾವಂದನೆಗೆ ಏಳೆಂದೂ ತೋರುವುದನ್ನು ಆಲಂಕಾರಿಕರು ಉದಾಹರಿಸಿರುವರು. ಕೇಳುವವನ ಸ್ಥಿತಿಯು ಅರ್ಥಕ್ಕೆ ಅಂಗವೆಂದು ಒಪ್ಪಿದವರು ಅವರು. ಆದರೆ ಮಮ್ಮಟನು ಅದಕ್ಕೆ ಕಟ್ಟುಗಳನ್ನೂ ಹೇಳಿರುವನು: ಹೇಳುವವನಾರು, ಕೇಳುವವನಾರು, ಪ್ರಕರಣವಾವುದು, ದೇಶಕಾಲಗಳಾವುವು ಎಂಬುದನ್ನು ನೋಡಬೇಕು. ಈ ಕಟ್ಟುಗಳಿಗೆ ಒಳಪಟ್ಟ ಓದು ಧ್ವನಿ. ಒಳಪಡದ ಓದು ಬರಿಯ ಬಯಕೆ.

ಈ ಸೀಮೆಯ ಜನರಿಗೆ ಇದು ಕಣ್ಣೆದುರಿನ ವಿಷಯ. ಹಟ್ಟಿಯ ಗಣಿಯಲ್ಲಿ ಒಂದು ಟನ್ನು ಅದಿರನ್ನು ಅರೆದರೆ ದೊರೆಯುವ ಚಿನ್ನ ಕೆಲವೇ ಗ್ರಾಮು. ಕಣ್ಣಿಗೆ ಕಾಣದೆಂದು ಚಿನ್ನವಿಲ್ಲವೆನ್ನುವವನು ಮೂಢ. ಎಲ್ಲ ಕಲ್ಲೂ ಚಿನ್ನವೆನ್ನುವವನೂ ಮೂಢನೇ. ಮಸ್ಕಿಯ ಬಂಡೆಯಂತೂ ಇನ್ನೂ ಒಳ್ಳೆಯ ದೃಷ್ಟಾಂತ. ದೇಶದ ಹಲವೆಡೆಯ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರವೇ ದೊರೆತಿದ್ದುವು. ಆತನು ಯಾರೆಂದು ಪ್ರಿನ್ಸೆಪ್ ಮೊದಲು ಊಹಿಸಿದುದು ಸಿಂಹಳದ ಅರಸನನ್ನು. 1837ರಲ್ಲಿ ಸಿಂಹಳದ ಗ್ರಂಥಗಳ ಬಲದಿಂದ ಟರ್ನರ್ ಅದನ್ನು ತಿದ್ದಿ ಅಶೋಕನೆಂದು ತೋರಿಸಿದನು. ಸುಮಾರು ಎಂಬತ್ತು ವರ್ಷ ಅದು ಸುಳಿವುಗಳ ಮೇಲೆ ನಿಂತ ಊಹೆಯಾಗಿಯೇ ಇದ್ದಿತು. 1915ರಲ್ಲಿ ಗಣಿಯ ಎಂಜಿನಿಯರನಾದ ಬೀಡನ್ ಮಸ್ಕಿಯ ಶಾಸನವನ್ನು ಕಂಡನು. ಅದರಲ್ಲಿ ಅಶೋಕನೆಂಬ ಹೆಸರೇ ಇದ್ದಿತು. ಹೆಸರು ದೊರೆಯುವ ಮೊದಲು ಊಹಿಸಿದವರನ್ನು ಶಾಸನದ್ರೋಹಿಗಳೆಂದು ಯಾರೂ ಜರೆಯಲಿಲ್ಲ. ಊಹೆಯನ್ನು ಊಹೆಯೆಂದೇ ಹೇಳಿದರು, ಬಂಡೆಗೆ ಉಳಿ ಮುಟ್ಟಿಸಲಿಲ್ಲ, ತಪ್ಪಿದಾಗ ತಿದ್ದಿಕೊಂಡರು. ಓದುಗನಿಂದ ಕೇಳತಕ್ಕದ್ದು ಇಷ್ಟೇ.

ಇದೇ ನಿಯಮವು ತರುಣರನ್ನೂ ಕಟ್ಟುವುದು. ವಚನದಲ್ಲಿ ಒಂದು ಧ್ವನಿ ಕೇಳಿತೆಂದು ವಚನಕಾರನ ಬಾಳಿನ ಚರಿತ್ರೆಯನ್ನು ಬರೆಯಕೂಡದು. ಹೆಣ್ಣಿನ ದನಿಯಲ್ಲಿ ಹಾಡಿದವನು ಮನೆಯಲ್ಲಿ ಹೇಗಿದ್ದನೆಂಬುದನ್ನು ವಚನವು ಹೇಳುವುದಿಲ್ಲ. ಶರಣಸತಿಯ ವಚನವನ್ನು ಓದಿ ಇದು ಶಿವಭಕ್ತಿಯಲ್ಲವೇ ಅಲ್ಲ ಎನ್ನುವವನು, ಇದು ಶಿವಭಕ್ತಿ ಮಾತ್ರವೇ ಎನ್ನುವವನಂತೆಯೇ ಅರ್ಧವನ್ನು ಕತ್ತರಿಸಿದವನು. ಬದುಕಿರುವ ನಟರ, ಗಾಯಕರ ಖಾಸಗಿ ಬಾಳಿನ ಮೇಲೆ ಇಂಥ ಕಲ್ಪನೆಗಳನ್ನು ಹೊರಿಸುವುದಂತೂ ಓದೇ ಅಲ್ಲ, ಅದು ಚಾಡಿ. ಪಾತ್ರಕ್ಕೆ ಮಾನಹಾನಿಯಿಲ್ಲ, ಮನುಷ್ಯನಿಗೆ ಉಂಟು.

ಕೊನೆಗೆ ಉಳಿದುದು ಕಳಂಕದ ಮಾತು. ಮೂರು ಆಕ್ಷೇಪಗಳಲ್ಲಿ ಮಿಕ್ಕೆರಡಕ್ಕೆ ಬೇರು ಇದೇ. ಗಂಡುಹೆಣ್ಣಿನ ಒಲವನ್ನು ವಚನದಲ್ಲಿ ಕಂಡರೆ ಯಾರಿಗೂ ಕಳಂಕ ತೋರುವುದಿಲ್ಲ; ಜಯದೇವನ ಗೀತಗೋವಿಂದವನ್ನು ದೇವಸ್ಥಾನದಲ್ಲಿಯೇ ಹಾಡುವರು. ಗಂಡುಗಂಡಿನ ಒಲವೆಂದೊಡನೆ ಕಳಂಕವೆನ್ನುವವರು ಗ್ರಂಥವನ್ನು ಕಾಯುತ್ತಿಲ್ಲ. ತಮ್ಮ ಅಸಹ್ಯವನ್ನು ಗ್ರಂಥದ ಹೊದಿಕೆಯೊಳಗೆ ಬಚ್ಚಿಡುತ್ತಿರುವರು. ಅದರ ಬೆಲೆಯನ್ನು ತೆರುವವರು ಯಾರು? ತರಗತಿಯ ಮೂಲೆಯಲ್ಲಿ ಕುಳಿತ ಹುಡುಗ. ತನ್ನ ಮನಸ್ಸಿನಂಥ ಮನಸ್ಸು ಲೋಕದಲ್ಲಿ ಮತ್ತೊಂದಿಲ್ಲವೆಂದು ಅವನು ನಂಬಿರುವನು. ಕನ್ನಡದ ಹಳೆಯ ಮಾತೊಂದು ಅವನ ಕಿವಿಗೆ ಬಿದ್ದು, ಇದು ನನ್ನದೂ ಹೌದೆಂದು ಅನ್ನಿಸಿದ ಗಳಿಗೆಯಲ್ಲಿ ಉಪಾಧ್ಯಾಯನು ಪುಟ ಮಗುಚಿದರೆ, ಆ ಹುಡುಗನು ಕಲಿಯುವುದು ವಚನವನ್ನಲ್ಲ, ಮೌನವನ್ನು. ಆಮೇಲೆ ಅವನು ಜಪಾನಿನ ಚಿತ್ರಗಳಲ್ಲಿ ತನ್ನ ಮುಖವನ್ನು ಹುಡುಕಿದರೆ ಹಿರಿಯರು ಸಂಸ್ಕೃತಿ ಕೆಟ್ಟಿತೆಂದು ಗೋಳಾಡುವರು. ಮನೆಯ ಕನ್ನಡಿಗೆ ಬಟ್ಟೆ ಮುಚ್ಚಿದವರು ನೆರೆಮನೆಯ ಕನ್ನಡಿಯನ್ನು ಬಯ್ಯುವುದು ಯಾವ ನ್ಯಾಯ?

ಈಗ ಎಲ್ಲವನ್ನೂ ಬಿಚ್ಚಿ ಬರೆಯಬಹುದಲ್ಲ, ಹಳೆಯ ಗ್ರಂಥಗಳಲ್ಲಿ ಸುಳಿವು ಹುಡುಕುವುದೇಕೆ ಎಂದು ಕೇಳುವವರೂ ಇರುವರು. ಬರೆಯಬಹುದು, ಸೊಂಡೂರಿನ ವಸುಧೇಂದ್ರರು 2013ರಲ್ಲಿ ಮೋಹನಸ್ವಾಮಿ ಎಂಬ ಕಥಾಸಂಗ್ರಹದಲ್ಲಿ ಬರೆದುದೂ ಆಯಿತು. ಆದರೆ ಮನುಷ್ಯನಿಗೆ ಇಂದು ಮಾತ್ರ ಸಾಲದು, ನಿನ್ನೆಯೂ ಬೇಕು. ತನಗೆ ಪೂರ್ವಿಕರಿಲ್ಲವೆಂದು ತಿಳಿದವನು ಸ್ವಂತ ಊರಿನಲ್ಲಿಯೇ ಪರದೇಶಿ.

ಫ. ಗು. ಹಳಕಟ್ಟಿಯವರು ಊರೂರು ಅಲೆದು ತಾಳೆಯೋಲೆಗಳನ್ನು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚುಮಾಡಿಸಿದುದರಿಂದ ಈ ವಾದವನ್ನಾದರೂ ನಡೆಸಲು ಪಾಠವುಂಟಾಯಿತು. ಆ ಋಣವನ್ನು ತೀರಿಸುವ ದಾರಿ ಸರಳವಾಗಿದೆ. ಸಂಪಾದಕರು ತಮಗೆ ಒಗ್ಗದ ವಚನವನ್ನು ಕೈಬಿಡದಿರಲಿ. ಉಪಾಧ್ಯಾಯರು ಪುಟ ಮಗುಚದೆ ಓದಿಸಲಿ. ಭಕ್ತಿಯ ಅರ್ಥವನ್ನೂ ಹೇಳಲಿ, ಮೈಯ ಅರ್ಥವನ್ನೂ ಮುಚ್ಚದಿರಲಿ. ತರುಣರು ತಾವು ಕಂಡ ಧ್ವನಿಗೆ ಅಕ್ಷರದ ಆಧಾರವನ್ನು ತೋರಿಸಲಿ. ತೋರಿಸಿದ ಮೇಲೆಯೂ ಒಪ್ಪದವರು ಅದೇ ಅಕ್ಷರವನ್ನು ಹಿಡಿದು ಖಂಡಿಸಲಿ. ಖಂಡನೆಯಿಂದ ಗ್ರಂಥ ಕೆಡುವುದಿಲ್ಲ, ವ್ಯಾಖ್ಯಾನದಿಂದಲೂ ಕೆಡುವುದಿಲ್ಲ. ಗ್ರಂಥವು ಕೆಡುವುದು ಉಳಿಯ ಪೆಟ್ಟಿನಿಂದ ಮಾತ್ರ. ಆ ಉಳಿಯು ಈವರೆಗೆ ಯಾರ ಕೈಯಲ್ಲಿ ಇದ್ದಿತೆಂಬುದನ್ನು ಆಕ್ಷೇಪಕರು ಆಲೋಚಿಸಿ ನೋಡಲಿ.