ಜಾಲತಾಣದ ಅಂಗಡಿಯೂ ಅಂಗಡಿಯೇ

ಗಿರಾಕಿಯ ಕಣ್ಣೆದುರಿಗೇ ತೂಗಿಕೊಡುವುದು ವರ್ತಕನಿಗೆ ಭೂಷಣ. ಅದೇ ವರ್ತಕನು ಇಂದು ಗಣಕಯಂತ್ರದ ಮೂಲಕ ವ್ಯಾಪಾರಕ್ಕೆ ಇಳಿದಾಗ ಈ ನಿಯಮವು ಸಡಿಲವಾಗುವುದೆಂದು ಭಾವಿಸುವುದು ಆತ್ಮವಂಚನೆಯಲ್ಲದೆ ಬೇರೇನೂ ಅಲ್ಲ. ತಕ್ಕಡಿಯು ಕಣ್ಣಿಗೆ ಕಾಣದಾದ ಮಾತ್ರಕ್ಕೆ ತೂಕದ ಧರ್ಮವು ಇಲ್ಲವಾಗದು.

ಒಂದು ಬೆಲೆಯನ್ನು ತೋರಿಸಿ ಹಣ ಪಾವತಿಯ ವೇಳೆಗೆ ಮತ್ತೊಂದನ್ನು ಕೇಳುವುದು. ಉಗ್ರಾಣ ತುಂಬಿರುವಾಗಲೂ 'ಎರಡೇ ಉಳಿದಿವೆ' ಎಂದು ಅವಸರ ಹುಟ್ಟಿಸುವುದು. ವಿಮೆ ಬೇಡವೆಂದವನನ್ನು ನಾಚಿಸುವುದು. ಚಂದಾದಾರನಾಗಲು ಒಂದೇ ಗುಂಡಿಯನ್ನಿಟ್ಟು, ಬಿಡುವ ದಾರಿಯನ್ನು ಹತ್ತು ಪುಟಗಳ ಹಿಂದೆ ಬಚ್ಚಿಡುವುದು: ಇವನ್ನೆಲ್ಲ ಕೆಲವರು ಜಾಣ್ಮೆಯೆನ್ನುತ್ತಾರೆ. 2010ರಲ್ಲಿ ಹ್ಯಾರಿ ಬ್ರಿಗ್ನಲ್ ಎಂಬ ವಿನ್ಯಾಸಕಾರರು ಇದಕ್ಕೆ 'ಡಾರ್ಕ್ ಪ್ಯಾಟರ್ನ್' ಎಂದು ಹೆಸರಿಟ್ಟರು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಇಂತಹ 13 ಬಗೆಗಳನ್ನು ಹೆಸರಿಸಿ ನಿಷೇಧಿಸಿತು.

ಆ ಪಟ್ಟಿಯಲ್ಲಿ ಒಂದಂಶವು ವಿಶೇಷವಾಗಿ ಗಮನಾರ್ಹ. ಗ್ರಾಹಕನ ಒಪ್ಪಿಗೆಯಿಲ್ಲದೆ ಅವನ ಬುಟ್ಟಿಗೆ ಸರಕು ಸೇರಿಸುವುದಷ್ಟೇ ಅಲ್ಲ, ಧರ್ಮಕಾರ್ಯದ ದೇಣಿಗೆಯನ್ನು ಸೇರಿಸುವುದೂ ಅಪರಾಧವೇ. ಕೊಡುವವನಿಗೆ ತಿಳಿಯದಂತೆ ಪಡೆದದ್ದು ದಾನವಾಗುವುದೆಂತು? ಉದ್ದೇಶವು ಎಷ್ಟೇ ಪವಿತ್ರವಾಗಿದ್ದರೂ ಮೊದಲೇ ಗುರುತು ಹಾಕಿಟ್ಟ ಚೌಕವು ಪರರ ಜೇಬಿಗೆ ಹಾಕಿದ ಕೈಯೇ ಸರಿ. ಸೇವಾ ಕಾಣಿಕೆಯನ್ನು ಜಾಲತಾಣದಲ್ಲಿ ಸ್ವೀಕರಿಸುವ ಟ್ರಸ್ಟುಗಳೂ ಇದನ್ನು ಮನಗಾಣಬೇಕು.

'ಎಲ್ಲರೂ ಹೀಗೆಯೇ ಮಾಡುವರು, ಮಾಡದವನು ಹಿಂದುಳಿಯುವನು' ಎಂಬ ವಾದವುಂಟು. ಕಳ್ಳತೂಕದವನೂ ಇದನ್ನೇ ಹೇಳುತ್ತಿದ್ದನು! ಒಮ್ಮೆ ಮೋಸಹೋದ ಗಿರಾಕಿಯು ಜಗಳವಾಡದೆ ಹೊರಟುಹೋಗುತ್ತಾನೆ, ಮರಳಿ ಬಾರನು. ಆ ನಷ್ಟವು ಯಾವ ಖಾತೆಪುಸ್ತಕದಲ್ಲಿಯೂ ಕಾಣಿಸುವುದಿಲ್ಲ; ಆದುದರಿಂದಲೇ ಅದು ಇಲ್ಲವೆಂಬ ಭ್ರಮೆ.

ಒಳ್ಳೆಯ ಜಾಲತಾಣವನ್ನು ರಚಿಸುವುದು ಕಠಿಣವೇನೂ ಅಲ್ಲ. ತೆರಿಗೆ, ಸಾಗಣೆ ಸೇರಿದ ಪೂರ್ಣ ಬೆಲೆಯು ಮೊದಲಲ್ಲೇ ಇರಲಿ. ವೃದ್ಧರೂ ಓದಬಲ್ಲ ದಪ್ಪ ಅಕ್ಷರವಿರಲಿ. ಕನ್ನಡಿಗರಿಗೆ ಮಾರುವವರು ಕನ್ನಡದಲ್ಲಿಯೂ ಬರೆಯಲಿ. ಅಂಗಡಿಯ ವಿಳಾಸ, ದೂರವಾಣಿ, ಸರಕನ್ನು ಹಿಂತಿರುಗಿಸುವ ಕ್ರಮ ಇವು ಹುಡುಕದೆ ಸಿಗಲಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದುದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಕಾನೂನು ಇಷ್ಟಕ್ಕೆ ನಿಲ್ಲುತ್ತದೆ. ಸಜ್ಜನ ವರ್ತಕನು ಅಲ್ಲಿಂದ ಆರಂಭಿಸುತ್ತಾನೆ.

ಗುಂಡಿಯನ್ನು ಎಲ್ಲಿಡಬೇಕೆಂದು ವಿನ್ಯಾಸಕಾರನು ಕೇಳಿದಾಗ ಮಾಲೀಕನು ಕೊಡುವ ಉತ್ತರದಲ್ಲಿ ಅವನ ಮನೆತನದ ಹೆಸರೇ ಅಡಗಿದೆ.